ಹೆತ್ತದ್ದೆಷ್ಟು, ಉಳಿದದ್ದೆಷ್ಟು

ನಮ್ಮ ಕಡೆಯ ಹಳೇ ಕಾಲದ ಅಜ್ಜಿಯರನ್ನು "ಎಷ್ಟು ಮಕ್ಕಳಜ್ಜಿ ನಿಮ್ಗೆ?" ಎಂದು ಕೇಳಿದರೆ ಒಂದು ಲೆಕ್ಕ ಹೇಳುತ್ತಿರಲಿಲ್ಲ, ಎರಡು ಹೇಳುತ್ತಿದ್ದರು. "ಹೆತ್ತಿದ್ದು ಒಂಬತ್ತು ಕಣವ್ವ, ಉಳ್ದಿದ್ದು ನಾಕು." ಬಿತ್ತಿದ್ದೆಷ್ಟು, ಕಣಕ್ಕೆ ಬಂದದ್ದೆಷ್ಟು ಎಂದು ರಾಗಿಯ ಲೆಕ್ಕ ಒಪ್ಪಿಸುವ ಹಾಗಿರುತ್ತಿತ್ತು ಆ ದನಿ. 1981ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಉಪಕೇಂದ್ರಕ್ಕೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಸೇರಿದಾಗ ಮೊದಲು ಕೈಗೆ ಬಂದದ್ದು ಅರ್ಹ ದಂಪತಿಗಳ ರಿಜಿಸ್ಟರ್. ಹದಿನೈದರಿಂದ ನಲವತ್ತೈದರೊಳಗಿನ ಮದುವೆಯಾದ ಹೆಂಗಸರ ಹೆಸರೆಲ್ಲ ಅದರಲ್ಲಿ ಬರಬೇಕು. ಅಲ್ಲಿಯೂ ಇದೇ ಎರಡು ಕಾಲಂ: ಹುಟ್ಟಿದ ಮಕ್ಕಳು, ಬದುಕಿರುವ ಮಕ್ಕಳು. ನಿವೃತ್ತಿಯಾಗುವ ತನಕ ನಾನು ತುಂಬಿದ್ದು ಅದನ್ನೇ.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಚರಿತ್ರೆ ಚಿಕ್ಕದು. ಜನ ಅಜ್ಞಾನಿಗಳಾಗಿದ್ದರು, ಮಕ್ಕಳು ದೇವರು ಕೊಟ್ಟದ್ದು ಎಂದು ಸುಮ್ಮನಿದ್ದರು, ಸರ್ಕಾರ ಬಂದು ತಿಳಿವಳಿಕೆ ಕೊಟ್ಟಿತು, ಜನನ ಪ್ರಮಾಣ ಇಳಿಯಿತು. ನನ್ನ ರಿಜಿಸ್ಟರ್ ಹೇಳಿದ್ದು ಬೇರೆ. ಮೊದಲು ಆ ಎರಡು ಕಾಲಂಗಳ ನಡುವಿನ ಅಂತರ ಕಡಿಮೆಯಾಯಿತು. ಮೊದಲ ಕಾಲಂನ ಅಂಕಿ ಇಳಿದದ್ದು ಆಮೇಲೆ. ಅದನ್ನು ಇಳಿಸಿದ ಕಷ್ಟವೆಲ್ಲ ಹೆಂಗಸರ ಮೈಮೇಲೆ ಬಿತ್ತು. ನಾನು ಹೇಳಬೇಕೆಂದಿರುವುದು ಇಷ್ಟು. ಆದರೆ ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ ಸಿಕ್ಕ ಜನ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876ರಿಂದ 78ರ ಬರ, ಧಾತು-ಈಶ್ವರ ಸಂವತ್ಸರಗಳ ಬರ. ಆರು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಕಾಣೆಯಾಗಿದ್ದರು. ಅದರ ನೆನಪು ಮಾಸುವ ಮೊದಲೇ ಪ್ಲೇಗು, ಅದರ ಹಿಂದೆ 1918ರ ಇನ್‌ಫ್ಲುಯೆಂಜಾ. ಈಗಿನ ಕರ್ನಾಟಕದ ಪ್ರದೇಶದಲ್ಲಿ 1911ರಲ್ಲಿ 1 ಕೋಟಿ 35 ಲಕ್ಷ ಜನರಿದ್ದರೆ 1921ರಲ್ಲಿ 1 ಕೋಟಿ 34 ಲಕ್ಷ. ಹತ್ತು ವರ್ಷ ಹೆತ್ತ ಮೇಲೂ ಊರು ಬೆಳೆದಿಲ್ಲ, ಕುಗ್ಗಿದೆ. ಮಲೆನಾಡಿನ ಮಲೇರಿಯಾ ಸೀಮೆಯಲ್ಲಂತೂ ತೊಟ್ಟಿಲು ತೂಗಿದ ಮನೆಗಳೇ ಬಾಗಿಲು ಹಾಕಿಕೊಳ್ಳುತ್ತಿದ್ದವು. 1940ರ ದಶಕದಲ್ಲೂ ಇಡೀ ದೇಶದ ಸರಾಸರಿ ಆಯಸ್ಸು ಮೂವತ್ತೆರಡು ವರ್ಷ. ಅಂಥ ಕಾಲದಲ್ಲಿ ಇಬ್ಬರನ್ನು ಹೆತ್ತು ಸಾಕು ಎನ್ನುವವಳು ಜಾಣೆಯಲ್ಲ. ಆರೇಳು ಹೆತ್ತವಳೇ ಲೆಕ್ಕ ಬಲ್ಲವಳು.

ಮದುವೆಯೂ ಬೇಗ. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು ಎಂದು ಮೈಸೂರು ಸರ್ಕಾರ 1894ರಲ್ಲಿ ಕಾಯಿದೆ ತಂದಿತು. ಎಂಟು ಎನ್ನುವುದಕ್ಕೇ ಕಾಯಿದೆ ಬೇಕಾಗಿತ್ತು ಎಂದರೆ ಅದಕ್ಕೂ ಮೊದಲಿನ ಸ್ಥಿತಿ ಊಹಿಸಿಕೊಳ್ಳಿ. 1929ರ ಶಾರದಾ ಕಾಯಿದೆ ಅದನ್ನು ಹದಿನಾಲ್ಕಕ್ಕೆ ತಂದಿತು, ಕಾಗದದ ಮೇಲೆ.

ಇಂಥ ನಾಡಿನಲ್ಲೇ 1930ರ ಜೂನ್‌ನಲ್ಲಿ ಒಂದು ವಿಚಿತ್ರ ನಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನದ ದೊಡ್ಡ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಸಲಹೆ ಕೊಡುವ ಕ್ಲಿನಿಕ್ ತೆರೆಯಲು ಸರ್ಕಾರವೇ ಆದೇಶ ಹೊರಡಿಸಿತು. ಬೊಂಬಾಯಿಯಲ್ಲಿ ಆರ್.ಡಿ. ಕರ್ವೆ 1921ರಲ್ಲೇ ಅಂಥದ್ದೊಂದನ್ನು ತೆರೆದಿದ್ದರು, ಆದರೆ ಅದು ಖಾಸಗಿ. ಸರ್ಕಾರವೇ ನಡೆಸಿದ್ದು ಜಗತ್ತಿನಲ್ಲಿ ಇದೇ ಮೊದಲು ಎಂದು ಇತಿಹಾಸಕಾರರು ಬರೆಯುತ್ತಾರೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಗರ್ಭನಿರೋಧಕ ಸಾಧನವನ್ನು ಅಂಚೆಯಲ್ಲಿ ಕಳಿಸುವುದು ಅಪರಾಧವಾಗಿತ್ತು! ಆದರೂ ಈ ಹೆಮ್ಮೆಯನ್ನು ನಾನು ಬಹಳ ದೂರ ಎಳೆಯಲಾರೆ. ಆಸ್ಪತ್ರೆ ಇದ್ದದ್ದು ಪಟ್ಟಣದಲ್ಲಿ, ಹೆರುತ್ತಿದ್ದವರು ಹಳ್ಳಿಯಲ್ಲಿ, ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ನಮ್ಮಮ್ಮನಿಗೆ ಆ ಆದೇಶದ ಸುದ್ದಿ ಮುಟ್ಟಲೇ ಇಲ್ಲ. ಆಕೆಯ ಲೆಕ್ಕವೂ ಒಂಬತ್ತು ಮತ್ತು ಐದು.

1951-52ರಲ್ಲಿ ವಿಶ್ವಸಂಸ್ಥೆಯವರೂ ಭಾರತ ಸರ್ಕಾರದವರೂ ಸೇರಿ ಮೈಸೂರು ಸೀಮೆಯ ಹಳ್ಳಿಗಳಲ್ಲೂ ಬೆಂಗಳೂರು ನಗರದಲ್ಲೂ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದರು. ಅದರ ವರದಿ 'ಮೈಸೂರು ಪಾಪ್ಯುಲೇಷನ್ ಸ್ಟಡಿ' ಎಂದು 1961ರಲ್ಲಿ ಅಚ್ಚಾಯಿತು. ಪೇಟೆಯವರು ಕಡಿಮೆ ಹೆರುತ್ತಾರೆ, ಹಳ್ಳಿಯವರು ಹೆಚ್ಚು ಹೆರುತ್ತಾರೆ ಎಂದು ನಂಬಿದ್ದವರಿಗೆ ಅದರಲ್ಲಿ ಅಚ್ಚರಿ ಕಾದಿತ್ತು. ಎರಡೂ ಕಡೆ ಅಂಥ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಇನ್ನು ಮಕ್ಕಳು ಬೇಡ, ಉಪಾಯವಿದ್ದರೆ ಹೇಳಿ ಎಂದ ಹೆಂಗಸರು ಹಳ್ಳಿಗಳಲ್ಲೂ ಸಿಕ್ಕರು. ಅಂದರೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಗೋಡೆಗೆ ಬರುವ ಎಷ್ಟೋ ಮುಂಚೆ ಬೇಡ ಎನ್ನುವ ಮಾತು ಅವರ ಬಾಯಲ್ಲಿತ್ತು. ಉಪಾಯ ಇರಲಿಲ್ಲ.

ಉಪಾಯ ಎಂದು ಬಂದದ್ದು ಮಣಿಸರ. ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ಸರ್ಕಾರದ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಜಗತ್ತಿನ ಯಾವ ದೇಶವೂ ಅಷ್ಟರ ತನಕ ಹಾಗೆ ಮಾಡಿರಲಿಲ್ಲ. ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಾಧನ, ಔಷಧಿ ಯಾವುದೂ ಬೇಡ, ಸಂಯಮವೇ ಸಾಕು ಎನ್ನುವವರು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದು, ಮುಟ್ಟಿನ ದಿನ ಎಣಿಸಿ 'ಸುರಕ್ಷಿತ' ದಿನ ಗುರುತಿಸುವ ವಿಧಾನವನ್ನು ಪ್ರಯೋಗಕ್ಕೆ ತಂದರು. ಪ್ರಯೋಗದ ಜಾಗ ಎರಡು, ದೆಹಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ. ಓದು ಬಾರದ ಹೆಂಗಸರು ದಿನ ಎಣಿಸಲೆಂದು ಬಣ್ಣದ ಮಣಿಗಳ ಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದ ದಿನ ಭಯವಿಲ್ಲ, ಕೆಂಪು ಬಂದ ದಿನ ದೂರವಿರಬೇಕು.

ಮನೆಯಲ್ಲಿ ದೀಪವಿಲ್ಲ, ಕತ್ತಲಲ್ಲಿ ಕೆಂಪು ಯಾವುದು ಹಸಿರು ಯಾವುದು? ಕೈಗೆ ತಿಳಿಯಲಿ ಎಂದು ಒಂದು ಬಗೆಯ ಮಣಿಯನ್ನು ಚೌಕ ಮಾಡಿದರು. ಕೆಲವರು ಮಣಿಯನ್ನು ಹಿಂದುಮುಂದು ಸರಿಸಿದರು, ಅದಕ್ಕೊಂದು ಕೊಂಡಿ ಬಂತು. ಸರವನ್ನು ಕೊರಳಿಗೆ ಹಾಕಿಕೊಂಡರೆ ಇವತ್ತು ಯಾವ ದಿನ ಎಂದು ನೆರೆಮನೆಯವಳಿಗೂ ಗೊತ್ತಾಗುತ್ತದೆ, ನಾಚಿಕೆ. ಗೂಟಕ್ಕೆ ನೇತುಹಾಕಿದರೆ ಮಕ್ಕಳ ಕೈಗೆ ಆಟಿಕೆ. ಇಷ್ಟೆಲ್ಲ ಸರಿಯಾದರೂ ಕೆಂಪು ಮಣಿಯ ರಾತ್ರಿ ಗಂಡನಿಗೆ ಬೇಡ ಎನ್ನುವ ಅಧಿಕಾರ ಯಾರಿಗಿತ್ತು? ಸರ ಹೆಂಡತಿಯ ಕೊರಳಿಗೆ ಬಂತು, ತೀರ್ಮಾನ ಗಂಡನ ಹತ್ತಿರವೇ ಉಳಿಯಿತು. ಪ್ರಯೋಗ ಸೋತಿತು. ರಾಮನಗರ ಆಮೇಲೆ ರೇಷ್ಮೆಗೂಡಿಗೂ ಒಂದು ಹಿಂದಿ ಸಿನಿಮಾಕ್ಕೂ ಹೆಸರಾಯಿತು, ಈ ಮಣಿಸರ ಯಾರಿಗೂ ನೆನಪಿಲ್ಲ.

ಅರವತ್ತರ ದಶಕದಲ್ಲಿ ಬಂದದ್ದು ಲೂಪ್, ಗರ್ಭಕೋಶದೊಳಗೆ ಇಡುವ ವಂಕಿ. ಹಾಕಲು ಇದ್ದ ಉತ್ಸಾಹ ಹಾಕಿಸಿಕೊಂಡವಳನ್ನು ತಿಂಗಳ ನಂತರ ವಿಚಾರಿಸಲು ಇರಲಿಲ್ಲ. ರಕ್ತಸ್ರಾವವಾದವರು ಹೆದರಿ ತೆಗೆಸಿಕೊಂಡರು, ಸುದ್ದಿ ಸಂತೆಯಿಂದ ಸಂತೆಗೆ ಹೋಯಿತು. ಬಹಳ ವರ್ಷಗಳ ಮೇಲೆ ನಾನು ವಂಕಿ ಹಾಕಿಸಿಕೊಳ್ಳಿ ಎಂದು ಮನೆ ಹತ್ತಿದಾಗಲೂ "ಅದು ಎದೆಗೇರುತ್ತಂತೆ" ಎಂದವರಿದ್ದರು. ಒಂದು ಸಲ ಕಳೆದುಕೊಂಡ ನಂಬಿಕೆ ಎರಡು ತಲೆಮಾರು ಕಾಡುತ್ತದೆ. 1968ರಲ್ಲಿ ಹದಿನೈದು ಪೈಸೆಗೆ ಮೂರರಂತೆ ನಿರೋಧ್ ಬಂತು. ಗಂಡಸರು ಬಳಸಬೇಕಾದ ವಸ್ತುವನ್ನು ಹಳ್ಳಿಗಳಲ್ಲಿ ಹಂಚಬೇಕಾದವಳು ನನ್ನಂಥ ಹೆಣ್ಣುಮಗಳು. ಅದರ ಕಷ್ಟ ಬರೆಯುತ್ತ ಹೋದರೆ ಅದೇ ಒಂದು ಲೇಖನವಾಗುತ್ತದೆ.

ತುರ್ತು ಪರಿಸ್ಥಿತಿಯ ಒತ್ತಾಯದ ಆಪರೇಷನ್‌ಗಳ ಕಥೆ ಎಲ್ಲರಿಗೂ ಗೊತ್ತು, ಉದ್ದ ಹೇಳುವುದಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಅದರಲ್ಲಿ 62 ಲಕ್ಷ ಗಂಡಸರದು. ಮರುವರ್ಷ ಒಟ್ಟು ಹತ್ತು ಲಕ್ಷವೂ ಆಗಲಿಲ್ಲ. ಸರ್ಕಾರ ಬಿದ್ದಿತು, ಇಲಾಖೆಯ ಹೆಸರು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣ ಎಂದಾಯಿತು. ಗಂಡಸರ ಕಡೆ ಹೋಗುವ ಧೈರ್ಯ ಆಮೇಲೆ ಯಾವ ಸರ್ಕಾರಕ್ಕೂ ಬರಲಿಲ್ಲ. ಮತ ಹಾಕುವ ಗಂಡಸು ಸಿಟ್ಟಾದರೆ ಏನಾಗುತ್ತದೆ ಎಂದು ಒಂದು ಸಲ ನೋಡಿಯಾಗಿತ್ತಲ್ಲ. ಹೆಂಗಸು ಸಿಟ್ಟಾಗುವುದಿಲ್ಲ ಎಂಬ ಧೈರ್ಯದ ಮೇಲೆ ಮುಂದಿನ ನಲವತ್ತು ವರ್ಷದ ಕಾರ್ಯಕ್ರಮ ನಡೆಯಿತು.

ನಾನು ಕೆಲಸಕ್ಕೆ ಸೇರಿದ್ದು ಈ ಹೊತ್ತಿನಲ್ಲಿ. ಹೆಂಗಸರ ಆಪರೇಷನ್‌ಗೆ ಲ್ಯಾಪ್ರೊಸ್ಕೋಪಿ ಹೊಸದಾಗಿ ಬಂದಿತ್ತು. ಆಪರೇಷನ್ ಕ್ಯಾಂಪು ಹೆಚ್ಚಾಗಿ ನಡೆಯುತ್ತಿದ್ದದ್ದು ಸಂಕ್ರಾಂತಿಯಿಂದ ಯುಗಾದಿಯೊಳಗೆ. ರಾಗಿ ಒಕ್ಕಣೆ ಮುಗಿದು ಮನೆಯಲ್ಲಿ ಕೆಲಸ ಕಡಿಮೆ ಎನ್ನುವುದು ಹೆಂಗಸರ ಕಾರಣ, ಮಾರ್ಚಿಗೆ ಟಾರ್ಗೆಟ್ ಮುಗಿಯಬೇಕು ಎನ್ನುವುದು ನಮ್ಮ ಕಾರಣ. ನಾವು ಅವರನ್ನು 'ಕೇಸು' ಎನ್ನುತ್ತಿದ್ದೆವು. ಈ ವರ್ಷ ನಿಮ್ಮದು ಎಷ್ಟು ಕೇಸು ಎಂದೇ ಮೀಟಿಂಗಿನಲ್ಲಿ ಕೇಳುತ್ತಿದ್ದರು. ಟಾರ್ಗೆಟ್ ಮುಟ್ಟದಿದ್ದರೆ ಸಂಬಳ ನಿಲ್ಲುತ್ತದೆ ಎಂಬ ಬೆದರಿಕೆ ಇರುತ್ತಿತ್ತು, ಒಮ್ಮೆ ನನಗೆ ನಿಂತೂ ಇತ್ತು. ಶಾಲೆಯ ಮೇಷ್ಟ್ರು, ಗ್ರಾಮಲೆಕ್ಕಿಗರಿಗೂ ಇಷ್ಟಿಷ್ಟು ಕೇಸು ಎಂದು ಹಂಚಿರುತ್ತಿದ್ದರು. ಒಬ್ಬಳೇ ಹೆಂಗಸನ್ನು ನನ್ನ ಕೇಸು, ನಿನ್ನ ಕೇಸು ಎಂದು ಇಬ್ಬರು ಎಳೆದಾಡಿದ್ದೂ ಉಂಟು.

ಕ್ಯಾಂಪಿನ ದಿನ ಬೆಳಗಿನ ಜಾವಕ್ಕೇ ಟೆಂಪೊ. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ, ಸೊಂಟದಲ್ಲಿ ಹಾಲು ಕುಡಿಯುವ ಮಗು, ಮಗು ನೋಡಿಕೊಳ್ಳಲು ಜೊತೆಗೆ ತಾಯಿಯೋ ನಾದಿನಿಯೋ. ಗಂಡ ಬರುತ್ತಿದ್ದದ್ದು ಅಪರೂಪ. ಜಿಲ್ಲಾ ಆಸ್ಪತ್ರೆಯಿಂದ ಡಾಕ್ಟರು ಬರುವುದು ಹನ್ನೊಂದೋ ಹನ್ನೆರಡೋ. ತಲೆ ಕೆಳಗಾಗಿ ಓರೆ ಮಾಡಿದ ಟೇಬಲ್, ಹೊಕ್ಕುಳ ಹತ್ತಿರ ಚಿಕ್ಕ ಗಾಯ, ಹೊಟ್ಟೆಗೆ ಗಾಳಿ ತುಂಬಿ ದುರ್ಬೀನು ಇಳಿಸಿ ಎರಡು ನಳಿಕೆಗೂ ಉಂಗುರ ಹಾಕಿದರೆ ಮುಗಿಯಿತು. ನುರಿತ ಕೈಗೆ ಹತ್ತು ನಿಮಿಷವೂ ಬೇಡ. ಆಮೇಲೆ ಪಕ್ಕದ ಶಾಲೆಯ ಕೋಣೆಯಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿಸುತ್ತಿದ್ದೆವು. ಎಚ್ಚರವಾದವರು ಹೊಟ್ಟೆನೋವಿಗಿಂತ ಮೊದಲು "ಭುಜ ಕೀಳ್ತದೆ ನರ್ಸಮ್ಮ" ಎನ್ನುತ್ತಿದ್ದರು. ಹೊಟ್ಟೆಯೊಳಗೆ ಉಳಿದ ಗಾಳಿ ಕೊಡುವ ನೋವು ಅದು. ಕುಯ್ದದ್ದು ಹೊಟ್ಟೆ, ನೋವು ಭುಜಕ್ಕೆ ಏಕೆ ಎಂದು ಅವರಿಗೆ ಯಾರೂ ಮೊದಲೇ ಹೇಳಿರುತ್ತಿರಲಿಲ್ಲ. ಏಳನೇ ದಿನ ನಾನೇ ಮನೆಗೆ ಹೋಗಿ ಹೊಲಿಗೆ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಅರ್ಧದಷ್ಟು ಜನ ನೀರಿನ ಬಿಂದಿಗೆ ಹೊತ್ತಾಗಿರುತ್ತಿತ್ತು.

ಈ ಒತ್ತಾಯ, ಈ ಟಾರ್ಗೆಟ್ಟುಗಳಿಂದಲೇ ಮಕ್ಕಳು ಕಡಿಮೆಯಾದರೇ? ಅಲ್ಲ ಎಂದೇ ನನ್ನ ತೀರ್ಮಾನ. ಟೆಂಪೊ ಹತ್ತಿದವರಲ್ಲಿ ಹೆಚ್ಚಿನವರು ತಾವೇ ಲೆಕ್ಕ ಹಾಕಿ ಬಂದವರು. ಎಂಬತ್ತರ ದಶಕದ ಮೊದಲಲ್ಲಿ ಅತ್ತೆಯರು "ಎರಡು ಗಂಡಾಗ್ಲಿ, ಒಂದಕ್ಕೆ ಏನಾದ್ರೂ ಆದ್ರೆ?" ಎನ್ನುತ್ತಿದ್ದರು. ಏನಾದರೂ ಆಗುವುದು ಆಗ ಮಾಮೂಲು. ಹುಟ್ಟಿ ವಾರವಾಗುವಷ್ಟರಲ್ಲಿ ಧನುರ್ವಾಯು, ಎರಡನೇ ವರ್ಷ ದಡಾರ, ನಡುವೆ ಯಾವಾಗಲಾದರೂ ಭೇದಿ. 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಯಿತು. ಹೆಗಲಿಗೆ ಐಸು ತುಂಬಿದ ಪೆಟ್ಟಿಗೆ ಬಂತು. ಬಸುರಿಯರಿಗೆ ಟಿ.ಟಿ. ಸೂಜಿ ಕೊಡುತ್ತ ಹೋದ ಹಾಗೆ ವಾರದೊಳಗಿನ ಸಾವು ಕಣ್ಣೆದುರೇ ನಿಂತಿತು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28, ಕರ್ನಾಟಕದಲ್ಲಿ 19. ತೊಂಬತ್ತರ ದಶಕಕ್ಕೆ ಅದೇ ಅತ್ತೆಯರ ಮಾತು "ಒಂದು ಗಂಡಿದ್ರೆ ಸಾಕು" ಎಂದಾಗಿತ್ತು. ಅವರಿಗೆ ನಾನು ಭಾಷಣ ಮಾಡಿರಲಿಲ್ಲ. ಮೊಮ್ಮಕ್ಕಳು ಸಾಯುವುದು ನಿಂತಿತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲೇ ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ದಂಪತಿ ನಮ್ಮವರೇ ಆದ ಪಿ.ಎಚ್. ರೆಡ್ಡಿಯವರ ಜೊತೆ ಬೆಂಗಳೂರಿನ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡರು. 1988ರಲ್ಲಿ ಅವರ ಪುಸ್ತಕ ಬಂತು. ಹೆಣ್ಣಿಗೆ ತೆರ ಕೊಟ್ಟು ತರುತ್ತಿದ್ದ ಜಾತಿಗಳೂ ವರದಕ್ಷಿಣೆಗೆ ತಿರುಗಿದ್ದು, ಹೆಣ್ಣಿನ ಮದುವೆಯ ವಯಸ್ಸು ಏರಿದ್ದು, ಮಕ್ಕಳು ದನ ಕಾಯುವುದು ಬಿಟ್ಟು ಶಾಲೆಗೆ ಹೋಗತೊಡಗಿ ದುಡಿಯುವ ಕೈ ಹೋಗಿ ಖರ್ಚಿನ ಬಾಯಿ ಆದದ್ದು ಎಲ್ಲ ಅದರಲ್ಲಿದೆ. ಇನ್ನೊಂದನ್ನೂ ಅವರು ಗಮನಿಸಿದ್ದರು. ಸೊಸೆ ಬಸುರಾಗಿರುವ ಮನೆಯಲ್ಲಿ ಅತ್ತೆಯೂ ಬಸುರಾಗುವುದು ನಾಚಿಕೆಗೇಡು. ಮೊಮ್ಮಗು ಬಂದ ಮೇಲೆ ಅಜ್ಜಿ ಹೆರಬಾರದು. ಯಾವ ಇಲಾಖೆಯೂ ಹೇಳಿಕೊಡದ ಜನನ ನಿಯಂತ್ರಣ ಇದು, ಎಷ್ಟೋ ಹಳೆಯದು. ನಮ್ಮಮ್ಮನ ಕೊನೆಯ ಹೆರಿಗೆಯೂ ನಮ್ಮಕ್ಕನ ಮೊದಲ ಹೆರಿಗೆಯೂ ಒಂದೇ ವರ್ಷ ಆದವು. ಆ ವರ್ಷವೆಲ್ಲ ಅಮ್ಮ ಊರಹಬ್ಬಕ್ಕೂ ಹೊಸಿಲು ದಾಟಲಿಲ್ಲ.

ಫಲ ಅಂಕಿಯಲ್ಲಿ ಕಾಣುತ್ತದೆ. ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ಲೆಕ್ಕ ದೇಶದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಸುಮಾರು ಆರು. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 3.4, 2019-21ರ ಐದನೆಯದರಲ್ಲಿ 2.0. ಕರ್ನಾಟಕ 2005-06ಕ್ಕೇ 2.1ಕ್ಕೆ ಬಂದಿತ್ತು, 2019-21ಕ್ಕೆ 1.7. ಮಕ್ಕಳ ಸಂಖ್ಯೆ ಇಳಿದರೂ ಗಂಡು ಬೇಕೆನ್ನುವ ಆಸೆ ಇಳಿಯಲಿಲ್ಲ. ಅದರ ಬೆಲೆಯನ್ನು ಹೆಣ್ಣುಮಕ್ಕಳು ತೆತ್ತರು. ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರೆ 2001ಕ್ಕೆ 946. ಸ್ಕ್ಯಾನಿಂಗ್ ಯಂತ್ರ ತಾಲ್ಲೂಕಿಗೆ ಬಂದ ಕಾಲ ಅದು.

ಬಡ ದೇಶಗಳೆಲ್ಲ ನಮ್ಮ ದಾರಿಯಲ್ಲೇ ಹೋದವು ಎಂದುಕೊಳ್ಳಬೇಡಿ. ಬಾಂಗ್ಲಾದೇಶ ಬಹಳ ಕಾಲ ನಮಗಿಂತ ಬಡದೇಶವಾಗಿತ್ತು. ಎಪ್ಪತ್ತರ ದಶಕದಲ್ಲಿ ಅಲ್ಲಿ ಒಬ್ಬಳಿಗೆ ಆರಕ್ಕೂ ಹೆಚ್ಚು ಮಕ್ಕಳು. ಮತ್ಲಬ್ ಎಂಬ ನದಿ ಸೀಮೆಯಲ್ಲಿ 1977ರಿಂದ ನನ್ನಂಥದೇ ಹೆಣ್ಣುಮಕ್ಕಳು ಮನೆಬಾಗಿಲಿಗೆ ಮಾತ್ರೆ, ಚುಚ್ಚುಮದ್ದು ತಲುಪಿಸಿದರು, ತೊಂದರೆಯಾದವರನ್ನು ಮತ್ತೆಮತ್ತೆ ಹೋಗಿ ವಿಚಾರಿಸಿದರು. ಆಮೇಲೆ ದೇಶಕ್ಕೆಲ್ಲ ಅದು ಹಬ್ಬಿತು. 2011ರ ಹೊತ್ತಿಗೆ ಅಲ್ಲಿಯೂ 2.3. ಅವರು ಹೆಚ್ಚಾಗಿ ಬಳಸಿದ್ದು ಮಾತ್ರೆ, ಚಾಕುವಲ್ಲ. ಬೇಕಾದಾಗ ನಿಲ್ಲಿಸಬಹುದು, ಅಂತರ ಇಟ್ಟು ಹೆರಬಹುದು. ನಮ್ಮ ಹುಡುಗಿಯರಿಗೆ ಹತ್ತೊಂಬತ್ತಕ್ಕೆ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಆಸುಪಾಸಿಗೆ ಆಪರೇಷನ್. ಇನ್ನು ನೈಜರ್‌ನಂಥ ಆಫ್ರಿಕದ ದೇಶದಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳಿಗೆ ಹದಿನೆಂಟಕ್ಕೆ ಮೊದಲೇ ಮದುವೆ, ಮಕ್ಕಳ ಸಾವು ಇನ್ನೂ ಹೆಚ್ಚು. ಅಲ್ಲಿ ಇವತ್ತಿಗೂ ಆರರ ಆಸುಪಾಸು. ನಮ್ಮ ಧಾತು ವರ್ಷದ ತಾಯಂದಿರ ಲೆಕ್ಕವನ್ನೇ ಅವರೂ ಹಾಕುತ್ತಿದ್ದಾರೆ, ಅವರಿಗೆ ಅಜ್ಞಾನದ ಪಟ್ಟ ಕಟ್ಟುವ ಅವಸರ ಬೇಡ.

1996ರ ಏಪ್ರಿಲ್‌ನಿಂದ ಟಾರ್ಗೆಟ್ ತೆಗೆದರು. ಕಾಗದದಲ್ಲಿ ಹೋಯಿತು, ಮೀಟಿಂಗಿನಿಂದ ಹೋಗಲು ಇನ್ನಷ್ಟು ವರ್ಷ ಬೇಕಾಯಿತು. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಂದೇ ಕ್ಯಾಂಪಿನಲ್ಲಿ 83 ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗಿ ಹದಿಮೂರು ಮಂದಿ ಸತ್ತರು. ಆ ಸುದ್ದಿ ಓದಿದ ದಿನ ನನ್ನ ಕ್ಯಾಂಪುಗಳ ಜಮಖಾನ ನೆನಪಾಗಿ ಊಟ ಸೇರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಕ್ಯಾಂಪು ಪದ್ಧತಿಯನ್ನೇ ನಿಲ್ಲಿಸಿ ಎಂದಿತು.

ಈಗ ಗಾಳಿ ತಿರುಗಿದೆ. ದಕ್ಷಿಣದವರು ಕಡಿಮೆ ಹೆತ್ತದ್ದರಿಂದ ಲೋಕಸಭೆಯ ಸೀಟು ಕಡಿಮೆಯಾಗುತ್ತದೆ, ಹೆಚ್ಚು ಹೆರಿ ಎಂದು ಅಕ್ಕಪಕ್ಕದ ರಾಜ್ಯಗಳ ಮುಖ್ಯಮಂತ್ರಿಗಳೇ 2024ರಲ್ಲಿ ಮಾತಾಡಿದರು. ಸಾಕು ಎಂದವರೂ ಇವರೇ, ಸಾಲದು ಎನ್ನುವವರೂ ಇವರೇ. ಹೆರುವವಳನ್ನು ಕೇಳಿದವರು ಆಗಲೂ ಇರಲಿಲ್ಲ, ಈಗಲೂ ಕಾಣುವುದಿಲ್ಲ.

ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಆದವರು ಶೇ 57.4. ಗಂಡಸರ ಆಪರೇಷನ್ ದೇಶದಲ್ಲೇ ಶೇ 0.3, ನಮ್ಮಲ್ಲಿ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಇದನ್ನು ಓದುತ್ತಿರುವ ಗಂಡಸರಿಗೆ ನರ್ಸಮ್ಮನಾಗಿ ಒಂದು ಮಾತು. ಗಂಡಸರ ಆಪರೇಷನ್ ಈಗ ಚಾಕು ಮುಟ್ಟಿಸದೆ, ಹೊಲಿಗೆ ಇಲ್ಲದೆ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಅವತ್ತೇ ನಡೆದುಕೊಂಡು ಮನೆಗೆ ಬರಬಹುದು. ಬಲವೂ ಕುಂದುವುದಿಲ್ಲ, ಗಂಡಸುತನವೂ ಹೋಗುವುದಿಲ್ಲ. ಮೂರು ತಿಂಗಳು ಮಾತ್ರ ಬೇರೆ ಉಪಾಯ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಮಕ್ಕಳು ಸಾಕು ಎಂದು ನಿಮ್ಮ ಮನೆಯಲ್ಲಿ ತೀರ್ಮಾನವಾದ ಮೇಲೆ ಹೆಂಡತಿಯನ್ನು ಕಳಿಸುವ ಬದಲು ಈ ಸಲ ನೀವು ಹೋಗಿ ಬನ್ನಿ.